ಕಣ್ಣಿಗೆ ಕಾಣುವ ಪದ ಹುಡುಕಾಟಕ್ಕೂ ಸಿಗಲಿ

ಮಾನ್ಯ ಸಂಪಾದಕರೇ,

ನಾನು ಪುಸ್ತಕಗಳ ಕರಡು ತಿದ್ದುವವಳು. ಅನುಕೂಲಕ್ಕೆಂದು ಕಂಪ್ಯೂಟರ್ ಭಾಷೆಯಾದ ಪೈಥಾನ್‌ನ ಟಿಕಿಂಟರ್ (ತೆರೆಯ ಮೇಲೆ ಕಿಟಕಿ ಮಾಡುವ ಸಾಧನ) ಬಳಸಿ ಒಂದು ಚಿಕ್ಕ ಪಠ್ಯ ಕಿಟಕಿ ಮಾಡಿಕೊಂಡಿದ್ದೇನೆ. ಪದ ಕೊಟ್ಟರೆ ಅದು ಬಂದಲ್ಲೆಲ್ಲ ಹಳದಿ ಬಣ್ಣ ಮೂಡಬೇಕು. ಮೊನ್ನೆ ‘ಕೋಟೆ’ ಎಂದು ಹುಡುಕಿದೆ. ಪುಟದಲ್ಲಿ ಐದು ಕಡೆ ಆ ಪದವಿತ್ತು, ಬಣ್ಣ ಬಂದದ್ದು ಮೂರಕ್ಕೆ ಮಾತ್ರ. ಕಾಗುಣಿತದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ!

ಕಾರಣ, ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಸಂಕೇತಗಳಾಗಿ ಇಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿತ್ತು. ಓಕಾರದ ಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಇಡಬಹುದು, ಎತ್ವ, ಊಕಾರದ ಕೊಂಬು, ದೀರ್ಘ ಎಂದು ಮೂರು ತುಣುಕಾಗಿಯೂ ಇಡಬಹುದು. ತೆರೆಯ ಮೇಲೆ ಎರಡೂ ಒಂದೇ ‘ಕೋಟೆ’. ಕಂಪ್ಯೂಟರಿಗೆ ಮಾತ್ರ ಒಂದು 4 ಸಂಕೇತಗಳ ಪದ, ಇನ್ನೊಂದು 6 ಸಂಕೇತಗಳದ್ದು.

ಇವನ್ನು ಒಂದೇ ರೂಪಕ್ಕೆ ತರುವ ‘ಎನ್‌ಎಫ್‌ಸಿ’ ವಿಧಾನವಿದೆ. ಮೊದಲು ನಾನು ಪಠ್ಯದ ಒಂದು ನಕಲನ್ನು ಹಾಗೆ ಬದಲಿಸಿ, ಅದರಲ್ಲಿ ಹುಡುಕಿ, ಸಿಕ್ಕ ಸ್ಥಾನಕ್ಕೆ ಮೂಲದಲ್ಲಿ ಬಣ್ಣ ಹಚ್ಚಿದೆ. ಉದ್ದ ಬೇರೆಯಾದ್ದರಿಂದ ಹಳದಿ ಪಟ್ಟಿ ಹಿಂದಕ್ಕೆ ಜಾರಿ ಅಕ್ಷರದ ನಡುವೆ ನಿಂತಿತು. ಕಿಟಕಿಗೆ ಹಾಕುವ ಮೊದಲೇ ಪಠ್ಯವನ್ನೂ, ಹುಡುಕುವ ಪದವನ್ನೂ ಬದಲಿಸಿದ ಮೇಲೆ ಐದೂ ಸಿಕ್ಕವು. ಹೊಸ ಹುಡುಕಾಟಕ್ಕೆ ಮುನ್ನ ಹಳೆಯ ಬಣ್ಣ ಅಳಿಸುವುದನ್ನೂ ಮರೆಯಬಾರದು.

ಸಿಗದ ಆ ಎರಡು ಪದಗಳು ಪರಿಶೀಲನೆಯಾಗದೆ ಅಚ್ಚಿಗೆ ಹೋಗಿದ್ದರೆ ಎಂದು ನೆನೆದು ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕನ್ನಡಕ್ಕೆ ತಂತ್ರಾಂಶ ಬರೆಯುವವರು ದಯವಿಟ್ಟು ಹೀಗೆ ಒಂದೇ ರೂಪಕ್ಕೆ ತರುವ ಆದೇಶವನ್ನು ಮೊದಲೇ ಸೇರಿಸಬೇಕು. ನಿಮ್ಮ ತಂತ್ರಜ್ಞಾನ ಪುಟದಲ್ಲಿಯೂ ಈ ವಿಷಯ ಬರಲೆಂದು ಕೋರುತ್ತೇನೆ.

– ಕರಡು ತಿದ್ದುವ ಒಬ್ಬ ಓದುಗಾರ್ತಿ