ಪ್ರವೇಶ ಪತ್ರ ಸಿಗುವವರೆಗಿನ ದಾರಿಗೆ ದುಡ್ಡು ಯಾರು ಕೊಡಬೇಕು? ಉನ್ನತ ಶಿಕ್ಷಣ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರಿಗೆ ನಮಸ್ಕಾರಗಳು.

ನಾನು ಚಿಕ್ಕಮಗಳೂರು ಜಿಲ್ಲೆಯ ಸರ್ಕಾರಿ ಪದವಿ ಕಾಲೇಜೊಂದರ ಅತಿಥಿ ಉಪನ್ಯಾಸಕಿ. ಬಡವರ ಮಕ್ಕಳು ವಿದೇಶದಲ್ಲಿ ಓದಲು ನೆರವೇ ಇಲ್ಲ ಎಂಬುದು ನನ್ನ ದೂರಲ್ಲ. ರಾಜ್ಯದಲ್ಲಿ ಪರಿಶಿಷ್ಟ ಜಾತಿ, ಪಂಗಡದವರಿಗೆ ‘ಪ್ರಬುದ್ಧ’ ಯೋಜನೆ ಇದೆ. ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದಲ್ಲಿ ವರ್ಷಕ್ಕೆ 125 ಸ್ಥಾನಗಳಿವೆ. ಭೂರಹಿತ ಕೃಷಿ ಕಾರ್ಮಿಕರ ಮಕ್ಕಳಿಗೂ ಅದರಲ್ಲಿ ಪಾಲಿದೆ. ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ವಿದ್ಯಾರ್ಥಿವೇತನಕ್ಕೆ ಆಯ್ಕೆಯಾದವರು ಬೋಧನಾ ಶುಲ್ಕ ಕಟ್ಟಬೇಕಿಲ್ಲ, ಮೇಲಾಗಿ ತಿಂಗಳಿಗೆ 1,400 ಯೂರೊ ಸಿಗುತ್ತದೆ.

ಆದರೆ ಕೇಂದ್ರದ ನೆರವು ಕೇಳುವವರ ಕೈಯಲ್ಲಿ ವಿದೇಶಿ ವಿಶ್ವವಿದ್ಯಾಲಯದ ಪ್ರವೇಶ ಪತ್ರ ಮೊದಲೇ ಇರಬೇಕು. ಅದು ಸಿಗುವವರೆಗಿನ ಖರ್ಚೆಲ್ಲ ಮನೆಯವರದ್ದೇ. ಪಾಸ್‌ಪೋರ್ಟಿಗೆ 1,500 ರೂಪಾಯಿ. ಐಇಎಲ್‌ಟಿಎಸ್ ಎಂಬ ಇಂಗ್ಲಿಷ್ ಭಾಷಾ ಪರೀಕ್ಷೆಗೆ 17 ಸಾವಿರಕ್ಕೂ ಹೆಚ್ಚು, ಆ ಅಂಕಕ್ಕೆ ಎರಡೇ ವರ್ಷದ ಆಯಸ್ಸು. ಜತೆಗೆ ಟ್ರಾನ್ಸ್‌ಕ್ರಿಪ್ಟ್ (ವಿಶ್ವವಿದ್ಯಾಲಯ ಕೊಡುವ ಅಂಕಗಳ ಅಧಿಕೃತ ದಾಖಲೆ), ಪರೀಕ್ಷಾ ಕೇಂದ್ರವಿರುವ ಊರಿಗೆ ಓಡಾಟ. ದಿನಗೂಲಿಯ ಮನೆಯಲ್ಲಿ ಸಿಕ್ಕರೂ ಸಿಗಬಹುದಾದ ಸೀಟಿಗಾಗಿ ಇಷ್ಟು ದುಡ್ಡು ಹಾಕುವವರು ಯಾರು?

ನನ್ನ ವಿದ್ಯಾರ್ಥಿನಿಯೊಬ್ಬಳು ಮೂಡಿಗೆರೆ ಕಡೆಯ ಕಾಫಿ ತೋಟದ ಲೈನ್ ಮನೆಯವಳು, ಅಂದರೆ ತೋಟದ ಕಾರ್ಮಿಕರ ಸಾಲುಮನೆಯವಳು. ಎರಾಸ್ಮಸ್‌ನ ಬಹುತೇಕ ಕೋರ್ಸುಗಳಿಗೆ ಅರ್ಜಿ ಕರೆಯುವುದು ಚಳಿಗಾಲದಲ್ಲಿ. ನಮ್ಮಲ್ಲಿ ಅರೇಬಿಕಾ ಕೊಯ್ಲೂ ಆಗಲೇ. ಹಗಲಿಡೀ ಅಪ್ಪ ಅಮ್ಮನ ಜೊತೆ ಹಣ್ಣು ಬಿಡಿಸಿ, ರಾತ್ರಿ ಮೊಬೈಲಿನಲ್ಲೇ ಅರ್ಜಿ ತುಂಬುತ್ತಿದ್ದಳು. ಶಿಫಾರಸು ಮಾಡುವವರ ವಿವರ ತುಂಬುವಾಗ ತಡೆ ಬಿತ್ತು. ಸಂಸ್ಥೆಯ ಅಧಿಕೃತ ಇಮೇಲ್ ವಿಳಾಸವೇ ಬೇಕೆಂದಿತ್ತು. ನನಗಿರುವುದು ಜಿಮೇಲ್ ಮಾತ್ರ. ತಳಿಶಾಸ್ತ್ರದಲ್ಲಿ ಅವಳ ಚುರುಕು ಎಂಥದ್ದು, ಪ್ರಯೋಗ ಕೈಕೊಟ್ಟಾಗ ಕಾರಣ ಹುಡುಕದೆ ಬಿಡದ ಹಟ ಎಂಥದ್ದು ಎಂದು ನಾನು ಒಂದು ಪುಟ ಬರೆದುಕೊಡಬಲ್ಲೆ. ಕೊನೆಗೆ ಹೋದದ್ದು ಅವಳಿಗೆ ಒಂದು ತರಗತಿಯನ್ನೂ ತೆಗೆದುಕೊಳ್ಳದವರ ಎರಡು ಸಾಲು. ಅವಳು ಆಯ್ಕೆಯಾಗಲಿಲ್ಲ. ಕಾರಣ ಅದೊಂದೇ ಎನ್ನಲಾರೆ, ಆದರೆ ಆ ಎರಡು ಸಾಲು ನನಗೆ ಇಂದಿಗೂ ಸಂಕಟ.

ಸರ್ಕಾರಿ ಕಾಲೇಜುಗಳಲ್ಲಿ ಪಾಠದ ದೊಡ್ಡ ಪಾಲು ಹೊತ್ತಿರುವವರು ಅತಿಥಿ ಉಪನ್ಯಾಸಕರು. ನಮಗೆಲ್ಲ ಕಾಲೇಜಿನ ಹೆಸರಿನ ಇಮೇಲ್ ಕೊಡಿಸಿ. ಇದಕ್ಕೆ ಬಜೆಟ್ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ಪಾಸ್‌ಪೋರ್ಟ್ ಮತ್ತು ಭಾಷಾ ಪರೀಕ್ಷೆಯ ಶುಲ್ಕವನ್ನು ಆದಾಯ ಮಿತಿಯೊಳಗಿನ ವಿದ್ಯಾರ್ಥಿಗಳಿಗೆ ಮುಂಗಡವಾಗಿ ಕೊಡಿ. ಆಮೇಲೆ ರಸೀದಿ ತಂದರೆ ಕೊಡುತ್ತೇವೆ ಎಂದರೆ ಅದು ಕೈಯಲ್ಲಿ ಕಾಸಿದ್ದವರಿಗಷ್ಟೇ ದಕ್ಕುತ್ತದೆ. ಟ್ರಾನ್ಸ್‌ಕ್ರಿಪ್ಟ್ ಕೊಡಲು ವಿಶ್ವವಿದ್ಯಾಲಯಗಳಿಗೆ ಗಡುವು ಹಾಕಿ. ಚಿಕ್ಕಮಗಳೂರಿನ ಐಡಿಎಸ್‌ಜಿ ಕಾಲೇಜಿನಲ್ಲಿ, ಹಾಸನದ ಹೇಮಗಂಗೋತ್ರಿ ವಿಶ್ವವಿದ್ಯಾಲಯ ಆವರಣದಲ್ಲಿ ವಿದೇಶಿ ಓದಿನ ಅರ್ಜಿಗೆ ನೆರವಾಗಲೆಂದೇ ಒಬ್ಬೊಬ್ಬ ಅಧಿಕಾರಿಯನ್ನು ಕೂರಿಸಿ. ಅವರು ಅಂಗವಿಕಲ ವಿದ್ಯಾರ್ಥಿಗಳನ್ನು ತಾವೇ ಹುಡುಕಿಕೊಂಡು ಹೋಗಬೇಕು. ಆ ಮಕ್ಕಳಿಗೆ ಇಂಥ ಸುದ್ದಿ ತಲುಪುವುದೇ ಕಡಿಮೆ.

ಇನ್ನೊಂದು ಮಾತು. 2024-25ರಿಂದ ರಾಜ್ಯದಲ್ಲಿ ಪದವಿ ಮತ್ತೆ ಮೂರು ವರ್ಷದ್ದಾಗಿದೆ. ಅಮೆರಿಕದ ಎಷ್ಟೋ ವಿಶ್ವವಿದ್ಯಾಲಯಗಳು ನಾಲ್ಕು ವರ್ಷದ ಪದವಿ ಕೇಳುತ್ತವೆ. ಆ ನಿರ್ಧಾರದ ಸರಿ ತಪ್ಪು ಇಲ್ಲಿ ಬೇಡ. ಪ್ರವೇಶದ ದಿನವೇ ಮಕ್ಕಳಿಗೆ ಇದನ್ನು ತಿಳಿಸುವ ವ್ಯವಸ್ಥೆಯಾಗಲಿ.

ಈ ಬಗ್ಗೆ ತಾವು ಸಭೆ ಕರೆದರೆ ಕುಲಪತಿ, ಪ್ರಾಂಶುಪಾಲರ ಜೊತೆ ಅತಿಥಿ ಉಪನ್ಯಾಸಕರನ್ನೂ ಕರೆಯಿರಿ. ಬರಲು ನಾವು ಸಿದ್ಧ.

ಇತಿ ತಮ್ಮ ವಿಶ್ವಾಸಿ,
ಒಬ್ಬ ಅತಿಥಿ ಉಪನ್ಯಾಸಕಿ
ಚಿಕ್ಕಮಗಳೂರು ಜಿಲ್ಲೆ