ಮೊದಲು ಮನೆಯ ದೀಪ

ದಿಮೋನಾ, ಇಸ್ರೇಲ್
ಬುಧವಾರ

ಪ್ರೀತಿಯ ಮಗಳೇ,

ನಿನ್ನ ಮೆಸೇಜ್ ಓದಿದೆ. ಮಗನಿಗೆ ಆರು ತುಂಬಿತು, ಬೆಂಗಳೂರಿನಲ್ಲಿ ನಮ್ಮ ಯಹೂದಿಗಳು ಕೆಲವೇ ಮಂದಿ, ಆನ್‌ಲೈನ್ ಹೀಬ್ರೂ ಕ್ಲಾಸಿಗೆ ಸೇರಿಸಲಾ ಅಂತ ಕೇಳಿದ್ದೀಯ. ಸೇರಿಸು. ಆದರೆ ಕೊನೆಯಲ್ಲಿ, ಶುಕ್ರವಾರ ನೀವಿಬ್ಬರೂ ಮನೆ ಸೇರುವಾಗ ಒಂಬತ್ತಾಗುತ್ತದೆ ಅಂತ ಬರೆದಿದ್ದೀಯಲ್ಲ, ನನ್ನ ಕಣ್ಣು ಅಲ್ಲೇ ನಿಂತಿತು. ನಮ್ಮ ವಾರದ ಬಿಡುವಿನ ದಿನ, ಶಬ್ಬಾತ್, ಶುರುವಾಗುವುದೇ ಶುಕ್ರವಾರ ಸಂಜೆಗಲ್ವಾ?

ನಮ್ಮ ಬೆನೆ ಇಸ್ರೇಲ್ ಜನರನ್ನು, ಅಂದರೆ ಕೊಂಕಣದ ಯಹೂದಿಗಳನ್ನು, ಅಲ್ಲಿ ‘ಶನಿವಾರ ತೇಲಿ’ ಅನ್ನುತ್ತಿದ್ದರು. ಎಣ್ಣೆ ಗಾಣದವರು, ಶನಿವಾರ ಮಾತ್ರ ಗಾಣ ಹೂಡದವರು. ಎಷ್ಟೋ ತಲೆಮಾರು ಅವರ ಹತ್ತಿರ ಹೀಬ್ರೂ ಪುಸ್ತಕ ಇರಲಿಲ್ಲ, ಓದಿಸುವ ಧರ್ಮಗುರು, ರಬ್ಬಿಯೂ ಇರಲಿಲ್ಲ. ಮುಂಬೈಯಲ್ಲಿ ಮೊದಲ ಪ್ರಾರ್ಥನಾ ಮಂದಿರ, ಸಿನಗಾಗ್, ಕಟ್ಟಿದ್ದೇ 1796ರಲ್ಲಿ. ಅಲ್ಲಿಯವರೆಗೆ ಉಳಿದು ಬಂದದ್ದು ಏನು? ಶನಿವಾರದ ಬಿಡುವು, ಗಂಡುಮಗುವಿಗೆ ಸುನ್ನತಿ, ತಿನ್ನಬಾರದ್ದನ್ನು ಒಳಗೆ ಬಿಡದ ಅಡುಗೆಮನೆ, ದೇವರು ಒಬ್ಬನೇ ಅನ್ನುವ ‘ಶೆಮಾ’ ಪ್ರಾರ್ಥನೆ. ಎಲ್ಲವೂ ಮನೆಯೊಳಗಿನದೇ, ಅಲ್ವಾ?

ಶೆಮಾದ ಮುಂದಿನ ಸಾಲುಗಳಲ್ಲೂ ಅದೇ ಇದೆ. ಈ ಮಾತುಗಳನ್ನು ಮಕ್ಕಳಿಗೆ ಕಲಿಸು. ಮನೆಯಲ್ಲಿ ಕೂತಾಗ, ದಾರಿ ನಡೆಯುವಾಗ, ಮಲಗುವಾಗ, ಏಳುವಾಗ ಆಡು ಅಂತ. ನಿನ್ನ ಬಾಗಿಲ ಚೌಕಟ್ಟಿನ ಮೇಲಿರುವ ಪುಟ್ಟ ಡಬ್ಬಿ, ಮೆಜೂಜಾ, ಅದರೊಳಗೆ ಸುರುಳಿ ಸುತ್ತಿ ಇಟ್ಟಿರುವುದೂ ಇದನ್ನೇ.

ನಮ್ಮ ಹಿರಿಯರ ಧರ್ಮಚರ್ಚೆಗಳ ಗ್ರಂಥ ತಾಲ್ಮುದ್‌ನಲ್ಲಿ ನನಗೆ ತುಂಬಾ ಇಷ್ಟವಾದ ಮಾತೊಂದಿದೆ. ಬಡವನಿಗೆ ಒಂದೇ ದೀಪಕ್ಕೆ ಕಾಸಿದೆ. ಹನುಕ್ಕಾ ಹಬ್ಬದ ದೀಪವೋ, ಶಬ್ಬಾತ್ ದೀಪವೋ? ಶಬ್ಬಾತ್ ದೀಪವೇ ಅನ್ನುತ್ತಾರೆ ಹಿರಿಯರು. ಹನುಕ್ಕಾ ದೀಪ ಆ ಹಬ್ಬದ ಪವಾಡವನ್ನು ಹೊರಗಿನವರಿಗೆ ಸಾರುತ್ತದೆ. ಶಬ್ಬಾತ್ ದೀಪ ಇಲ್ಲದಿದ್ದರೆ ಮನೆಯವರೇ ಕತ್ತಲೆಯಲ್ಲಿ ಕೂರಬೇಕು. ‘ಶಲೋಮ್ ಬಾಯಿತ್’, ಮನೆಯ ನೆಮ್ಮದಿ, ಅದಕ್ಕೇ ಮೊದಲ ಪಾಲು.

ಇಷ್ಟೆಲ್ಲ ಹೇಳುವ ನಾನೇನು ಕಮ್ಮಿ ತಪ್ಪು ಮಾಡಿದವಳಲ್ಲ. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸ್‌ನಲ್ಲಿ ನಮ್ಮಮ್ಮ ಎರಡು ಚಪಾತಿ ಮುಚ್ಚಿಟ್ಟು, ದೀಪ ಹಚ್ಚಿ ಶಬ್ಬಾತ್ ಮಾಡುತ್ತಿದ್ದಳು. ಇಲ್ಲಿಗೆ ಬಂದ ಮೇಲೆ ನನಗೆ ಎಲ್ಲವೂ ಫಳಫಳ ಅನ್ನಬೇಕಿತ್ತು. ಶುಕ್ರವಾರ ಬೆಳಿಗ್ಗೆಯಿಂದ ನೆಲ ತಿಕ್ಕುವುದು, ನಾಲ್ಕು ಬಗೆ ಅಡುಗೆ, ಮಕ್ಕಳ ಮೇಲೆ ಕೂಗಾಟ. ಸಂಜೆ ಮೇಜಿನ ಮೇಲೆ ಬಿಳಿ ಬಟ್ಟೆ, ಮಕ್ಕಳ ಮುಖ ಮಾತ್ರ ಬಾಡಿರುತ್ತಿತ್ತು. ಮುಸ್ಸಂಜೆಗೆ ‘ದೀಪ ಹಚ್ಚಿ’ ಅಂತ ಮನೆಯವರಿಗೆ ಹೇಳಬೇಕು, ಆದರೆ ಮೆತ್ತಗೆ ಹೇಳಬೇಕು ಅಂತಲೂ ತಾಲ್ಮುದ್‌ನಲ್ಲಿದೆ. ಅದು ನನಗೆ ಗೊತ್ತಾದಾಗ ದೊಡ್ಡವನು ಸೈನ್ಯಕ್ಕೆ ಹೋಗಿ ಆಗಿತ್ತು.

ಹಾಗಾಗಿ ಜಾಸ್ತಿ ಏನೂ ಬೇಡ. ಶುಕ್ರವಾರ ಸಂಜೆ ಮೀಟಿಂಗ್ ಇಟ್ಟುಕೊಳ್ಳಲ್ಲ ಅಂತ ಆಫೀಸಿನಲ್ಲಿ ಹೇಳಿಬಿಡು. ಮುಖ ಗಂಟಿಕ್ಕುತ್ತಾರೆ, ಆಮೇಲೆ ಸುಮ್ನಾಗುತ್ತಾರೆ. ಸೂರ್ಯ ಮುಳುಗುವುದಕ್ಕೆ 18 ನಿಮಿಷ ಮೊದಲು ದೀಪ ಹಚ್ಚು. ಅಡುಗೆ ಅನ್ನ, ಸಾರೇ ಆಗಲಿ. ಫೋನು ಬೀರುವಿನಲ್ಲಿರಲಿ. ಅಳಿಯಂದಿರಿಗೆ ಹೇಳು, ಮಗನ ತಲೆಯ ಮೇಲೆ ಕೈಯಿಟ್ಟು, ಎಫ್ರಾಯೀಮ್, ಮೆನಶ್ಶೆಯರ ಹಾಗೆ ಬಾಳು ಅಂತ ಹರಸಲಿ. ನಮ್ಮ ಧರ್ಮಗ್ರಂಥ ತೋರಾದಲ್ಲಿ ಬರುವ ಅಣ್ಣತಮ್ಮಂದಿರು ಅವರು. ವಾರವಿಡೀ ಗದರಿದ ಕೈಯೇ ತಲೆ ಸವರುತ್ತದಲ್ಲ, ಮಗು ಅದನ್ನು ಮರೆಯುವುದಿಲ್ಲ.

ಅಂದ ಹಾಗೆ, ಅಪ್ಪನಾದವನು ಮಗನಿಗೆ ತೋರಾ ಕಲಿಸಬೇಕು, ಒಂದು ಕಸುಬು ಕಲಿಸಬೇಕು. ಈಜೂ ಕಲಿಸಬೇಕು ಅನ್ನುವವರಿದ್ದಾರೆ. ಇದು ನನ್ನ ಮಾತಲ್ಲ, ಇದೂ ತಾಲ್ಮುದ್‌ನದ್ದೇ. ಭಾನುವಾರ ಅವರಿಬ್ಬರನ್ನೂ ಈಜುಕೊಳಕ್ಕೆ ಅಟ್ಟಿ ನೀನು ಒಂದು ಗಂಟೆ ಮಲಗು.

ನಾಳೆ ರಾತ್ರಿ ಒಂದು ಹಿಡಿ ಕಪ್ಪು ಒಣದ್ರಾಕ್ಷಿ ನೆನೆಹಾಕು. ಶುಕ್ರವಾರ ಕಿವುಚಿ ಸೋಸಿದರೆ ಕಿದ್ದುಷ್‌ಗೆ, ಅಂದರೆ ಲೋಟ ಹಿಡಿದು ಹೇಳುವ ಶಬ್ಬಾತ್ ಪ್ರಾರ್ಥನೆಗೆ, ಶರಬತ್ತು ರೆಡಿ. ಕಿವುಚುವ ಕೆಲಸ ಮಗನಿಗೇ ಕೊಡು, ಅಂಗಿ ಕಲೆಯಾದರೆ ಆಗಲಿ.

ನಿನ್ನ
ದೊಡ್ಡಮ್ಮ