ಸೂಟಿನ ಬಣ್ಣ ತಿಳಿಸಿಕೊಟ್ಟ ಹಿರಿಯರಿಗೆ

ಸಂದರ್ಶನಕ್ಕೆ ಹೊರಟ ಮಕ್ಕಳನ್ನು ಕೂರಿಸಿಕೊಂಡು ಬಟ್ಟೆಯ ವಿಚಾರ ತಾಳ್ಮೆಯಿಂದ ಹೇಳಿಕೊಟ್ಟ, ಹೆಸರು ಹೇಳಲೊಪ್ಪದ ಹಿರಿಯರೇ, ನಿಮಗೆ ಮನಸಾರೆ ಧನ್ಯವಾದ.

ಒಂದೇ ಸೂಟ್ ಕೊಳ್ಳುವುದಾದರೆ ನೇವಿ ನೀಲಿ, ಇಲ್ಲವೇ ಗಾಢ ಬೂದು ಎಂದಿರಿ. ಅಚ್ಚ ಕಪ್ಪಿನ ಮೇಲೆ ಧೂಳು, ನೂಲೆಳೆ ಎಲ್ಲ ಎದ್ದು ಕಾಣುತ್ತದೆ. ತಿಳಿ ಬೂದಿನಲ್ಲಿ ಬೆವರಿನ ಕಲೆ. ಟ್ಯೂಬ್‌ಲೈಟಿನಡಿ ನೇವಿಯೂ ಕಪ್ಪೂ ಒಂದೇ ಥರ ಕಾಣುವುದರಿಂದ, ತೋಳಿನ ತುದಿಯನ್ನು ಬಿಳಿ ಕಾಗದದ ಪಕ್ಕ ಇಟ್ಟು ಹಗಲ ಬೆಳಕಿನಲ್ಲೇ ನೋಡಬೇಕು. ಕೋಟು, ಪ್ಯಾಂಟು ಬೇರೆಬೇರೆ ಕೊಂಡರಂತೂ ಬಣ್ಣ ಹೊಂದುವುದೇ ಕಷ್ಟ. ಒಂದನ್ನೇ ಪದೇಪದೇ ಒಗೆಸಿದರೂ ಅದೇ ಗತಿ, ಹಾಗಾಗಿ ಎರಡನ್ನೂ ಒಟ್ಟಿಗೇ ಕೊಡಬೇಕು.

ಒಳಗೆ ಬಿಳಿ ಅಥವಾ ತಿಳಿನೀಲಿ ಶರ್ಟು, ಶೂ ಬಣ್ಣದ್ದೇ ಬೆಲ್ಟು. ವಿಡಿಯೊ ಸಂದರ್ಶನಕ್ಕೆ ಸಣ್ಣ ಗೆರೆಯ ಬಟ್ಟೆ ಖಂಡಿತ ಬೇಡ, ಕ್ಯಾಮೆರಾದಲ್ಲಿ ಗೆರೆಗಳು ಅಲೆಯಾಡುತ್ತವೆ.